ಒಂಬತ್ತು ಬಾಗಿಲಿಗೆ ಮಾತ್ರ ಬಂದ ತೀರ್ಪು

ಬೆಳಗಿನ ಆರಕ್ಕಿನ್ನೂ ಐದು ನಿಮಿಷ. ಹಲ್ಲುಜ್ಜುತ್ತಲೇ ಬಾಗಿಲು ತೆರೆದ ಹೆಂಗಸಿನ ಮುಂದೆ ಪುರಸಭೆಯ ಜವಾನ ನೋಟಿಸ್ ಹಿಡಿದು ನಿಂತಿದ್ದಾರೆ. ಆಕೆ ಸಹಿ ಹಾಕಲು ಪೆನ್ನು ಕೇಳುತ್ತಾರೆ. ಇವರು ಕೊಡುವುದಿಲ್ಲ. "ಮೊದಲು ಕೇಳಿಸ್ಕೊಳ್ಳಿ ಅಮ್ಮಾ," ಎಂದು ಹಾಳೆಯ ಹಿಂಬದಿ ತಿರುಗಿಸಿ, ಇರುವೆ ಸಾಲಿನಂಥ ಅಕ್ಷರಗಳನ್ನು ಬೀದಿಗೆಲ್ಲ ಕೇಳುವಂತೆ ಓದುತ್ತಾರೆ. "ಇವತ್ತಿಂದ ಮೂವತ್ತು ದಿನ. ಅಷ್ಟರೊಳಗೆ ಒಪ್ಪಿಗೆ ಇಲ್ಲ ಅಂತ ಬರೆದು ಕೊಡಬಹುದು. ಕೊಡದಿದ್ರೆ ಒಪ್ಪಿದ ಹಾಗೇ."

ಕಚೇರಿಯಲ್ಲಿ ಇವರಿಗೆ 'ಡಂಗುರ' ಎಂದೇ ಹೆಸರು. ಇಪ್ಪತ್ತೆರಡು ವರ್ಷಗಳಿಂದ ನೋಟಿಸ್ ಜಾರಿ ಮಾಡುವುದೇ ಕೆಲಸ. ದಿನಕ್ಕೆ ಮೂವತ್ತೈದು, ನಲವತ್ತು ಬಾಗಿಲು. ಜನ ಮನೆ ಬಿಡುವ ಮುನ್ನ ಹಿಡಿಯಬೇಕು. ಬೈಗುಳ ಅಭ್ಯಾಸವಾಗಿದೆ. "ಕಾಗದ ಬರೆದೋರು ಫ್ಯಾನ್ ಕೆಳಗೆ ಕೂತಿರ್ತಾರೆ. ಬೈಸ್ಕೊಳ್ಳೋಕೆ ನಾನಿದ್ದೀನಲ್ಲ," ಎಂದು ನಗುತ್ತಾರೆ. ಆ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಹೀಗೆ ಗಟ್ಟಿಯಾಗಿ ಓದಬೇಕೆಂದು ಯಾರೂ ಹೇಳಿಲ್ಲ. ನಾಲ್ಕು ವರ್ಷಗಳ ಹಿಂದೆ ಇವರು ಓದುತ್ತಲೂ ಇರಲಿಲ್ಲ. ಆಗ ಮೇಲಿನ ಬಡಾವಣೆಯ ಮಳೆನೀರು ಇಳಿಯಲೆಂದು ಕೆಳಬೀದಿಯುದ್ದಕ್ಕೂ ಕಾಂಕ್ರೀಟ್ ಚರಂಡಿ ಕಟ್ಟಿದರು. ಅದರ ಅಂಚು ಅಲ್ಲಿನ ಹೊಸ್ತಿಲುಗಳಿಗಿಂತ ಒಂದಡಿ ಎತ್ತರ. ಆ ಮನೆಗಳ ಒಂದು ತಂಬಿಗೆ ನೀರೂ ಅದಕ್ಕೆ ಹರಿಯುವಂತಿರಲಿಲ್ಲ. ಆದರೂ ಚರಂಡಿಯ ಪಕ್ಕದಲ್ಲಿ ಅವರ ಜಾಗವಿದೆ ಎಂಬ ಒಂದೇ ಕಾರಣಕ್ಕೆ ಪೂರ್ತಿ ಖರ್ಚನ್ನು ಅರವತ್ತನಾಲ್ಕು ಮನೆಗಳ ತಲೆಗೆ ಕಟ್ಟಿದರು. ನೋಟಿಸ್ ಮುಟ್ಟಿಸಿದವರು ಇವರೇ.

ಅದರಲ್ಲೊಂದು ಮನೆ ಸ್ವಂತ ತಂಗಿಯದು. ಗಂಡ ತೀರಿಕೊಂಡ ಮೇಲೆ ಹಿತ್ತಲಿನ ಕೋಣೆಯಲ್ಲಿ ಬಟ್ಟೆ ಹೊಲಿದು ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದರು. "ಅಣ್ಣ ತಂದಿದ್ದಲ್ವಾ, ಓದೋದೇನಿದೆ ಅಂತ ಸಹಿ ಹಾಕ್ದೆ," ಎನ್ನುತ್ತಾರೆ ಆಕೆ. ದೂರುವ ದನಿ ಅಲ್ಲ ಅದು.

ಬೀದಿಯ ನಿವೃತ್ತ ಮೇಷ್ಟರೊಬ್ಬರು ಮಾತ್ರ ಹಾಳೆಯ ಹಿಂಬದಿ ಓದಿದರು. ಎಂಟು ಮನೆಯವರನ್ನು ಜೊತೆಗೆ ಸೇರಿಸಿಕೊಂಡು ತಕರಾರು ಸಲ್ಲಿಸಿದರು. ಉಳಿದವರು, ಸರ್ಕಾರದ ಜೊತೆ ಯಾರು ಗುದ್ದಾಡುತ್ತಾರೆ ಎಂದು ಸುಮ್ಮನಾದರು. ತಂಗಿ ಹಿತ್ತಲು ಮಾರಿ ಹಣ ಕಟ್ಟಿದರು. ಕೊಂಡವನು ಹೊಲಿಗೆ ಕೋಣೆ ಕೆಡವಿದ.

ಎರಡು ವರ್ಷದ ಮೇಲೆ ನ್ಯಾಯಾಲಯದ ತೀರ್ಪು ಬಂತು. ಚರಂಡಿಯಿಂದ ಒಂದು ಜಾಗಕ್ಕೆ ಎಷ್ಟು ಪ್ರಯೋಜನವೋ ಅದಕ್ಕಿಂತ ಹೆಚ್ಚನ್ನು ಅದರ ಮಾಲೀಕರಿಂದ ವಸೂಲು ಮಾಡುವಂತಿಲ್ಲ. ಬೇರೆಯವರ ನೀರು ಸಾಗಿಸುವ ಖರ್ಚು ಪುರಸಭೆಯದೇ. ಇಲ್ಲಿ ಪ್ರಯೋಜನವೇ ಇಲ್ಲ, ಆದ್ದರಿಂದ ವಸೂಲಿಯೂ ಇಲ್ಲ. ಆದರೆ ಇದು ಗಡುವಿನೊಳಗೆ ತಕರಾರು ಸಲ್ಲಿಸಿದವರಿಗಷ್ಟೇ.

ತೀರ್ಪಿನ ಪ್ರತಿ ಮುಟ್ಟಿಸಲು ಹೋದವರೂ ಇವರೇ. ಒಂಬತ್ತು ಪ್ರತಿ, ಒಂಬತ್ತು ಬಾಗಿಲು. ತಂಗಿ ಹೊಸ್ತಿಲಲ್ಲಿ ಕೂತು ಯಾರದೋ ಅಂಗಿಗೆ ಗುಂಡಿ ಹಚ್ಚುತ್ತಿದ್ದರು. "ನಂಗಿಲ್ವಾ ಅಣ್ಣ?" ಎಂದರು. "ಇಲ್ಲಮ್ಮ," ಎಂದು ಇವರು ಮುಂದಿನ ಮನೆಗೆ ನಡೆದರು.

"ಅವತ್ತೇ ಅವಳು ಬಾಯಿಗೆ ಬಂದಂಗೆ ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ ಇವರು. "ಈಗ್ಲೂ ಹೋದ್ರೆ ಚಹಾ ಕೊಡ್ತಾಳೆ. ಆದ್ರೆ ನೀರಿನ ಬಿಲ್ ಕೊಟ್ರೂ ಒಂದೊಂದು ಸಾಲೂ ಓದ್ತಾಳೆ. ಮುಗಿಯೋವರೆಗೂ ನಾನು ಬಾಗಿಲಲ್ಲೇ ನಿಂತಿರ್ತೀನಿ."

ಅಂದಿನಿಂದ ಪ್ರತಿ ಮನೆಯಲ್ಲೂ ಓದುತ್ತಾರೆ. ಅದಕ್ಕಾಗಿ ಎರಡು ಬಾರಿ ಮೆಮೊ ಸಿಕ್ಕಿದೆ. ಗಡುವಿನ ಸಾಲನ್ನು ಮುಂಬದಿಯಲ್ಲಿ ದಪ್ಪಕ್ಷರದಲ್ಲಿ ಹಾಕಿಸಿ ಎಂದು ಮೂರು ಅರ್ಜಿ ಕೊಟ್ಟರು. ನಮೂನೆ ಮೇಲಿನಿಂದ ಬಂದದ್ದು, ಬದಲಿಸಲಾಗದು ಎಂಬ ಉತ್ತರ ಬಂತು. ಇಷ್ಟು ಗಂಟಲು ಹರಿದುಕೊಂಡರೂ ತಕರಾರು ಬರೆಯುವವರು ನೂರಕ್ಕೆ ನಾಲ್ಕೈದು ಜನ.

ಬರುವ ತಿಂಗಳು ನಿವೃತ್ತಿ. ಇವರ ಜಾಗಕ್ಕೆ ಯಾರೂ ಬರುವುದಿಲ್ಲ. ನೋಟಿಸ್‌ಗಳು ಇನ್ನು ಅಂಚೆಯಲ್ಲಿ ಹೋಗುತ್ತವೆ. ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ, ಕೈಲಿದ್ದ ನೋಟಿಸ್ ಕಟ್ಟನ್ನು ಸರಿಮಾಡಿಕೊಳ್ಳುತ್ತಾ ಹೇಳುತ್ತಾರೆ:

"ಪೋಸ್ಟ್‌ಮ್ಯಾನ್‌ಗೆ ಹೇಳಿದೀನಿ. ಬಾಗಿಲ ಸಂದಿಯಲ್ಲಿ ತೂರಿಸಿ ಹೋಗ್ಬೇಡ, ಹಿಂದೆ ತಿರುಗಿಸಿ ಓದಿ ಅಂತ ಒಂದು ಮಾತು ಹೇಳಿ ಹೋಗಪ್ಪಾ ಅಂತ. ಒಳ್ಳೇ ಮನುಷ್ಯ ಅವನು. ದಿನಕ್ಕೆ ಇನ್ನೂರು ಮನೆ ಇದೆ ಸ್ವಾಮಿ ನಂಗೆ, ಅಂದ."