ಕಮ್ಮಾರಸಾಲೆಗೆ ಕೇಳಿಸಬೇಕಾದ ಮಗ್ಗಿ

ಯಲ್ಲಾಪುರ ತಾಲೂಕಿನ ಪ್ರಾಥಮಿಕ ಶಿಕ್ಷಣದ ಮಾತು ಬಂದಲ್ಲೆಲ್ಲ ಗೌರವದಿಂದ ನೆನೆಯಬೇಕಾದ ಹೆಸರು ಶ್ರೀ ಮಡಿವಾಳಪ್ಪ ಮಾಸ್ತರರದು. ಬನವಾಸಿ ಕಡೆಯ ಈ ಹಿರಿಯರು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಹಲವು ಊರುಗಳ ಮಕ್ಕಳಿಗೆ ಅಕ್ಷರ ಕಲಿಸಿ, ೧೯೫೭ರಲ್ಲಿ ಕಿರವತ್ತಿಯ ಆಚೆಗಿನ ನಮ್ಮೂರಿಗೆ ಬಂದರು. ಒಂದೇ ಕೋಣೆ, ನಾಲ್ಕು ಇಯತ್ತೆ, ಅರವತ್ತೆಂಟು ಮಕ್ಕಳು, ಒಬ್ಬರೇ ಮಾಸ್ತರು.

ಮಾಸ್ತರರನ್ನು ಅಳೆಯಲು ನಮ್ಮೂರಿನಲ್ಲಿ ಒಂದು ಪದ್ಧತಿಯಿತ್ತು. ಅವರು ಹೇಳಿಕೊಡುವ ಮಗ್ಗಿ ಇನ್ನೂರು ಮಾರು ದೂರದ ಕಮ್ಮಾರಸಾಲೆಗೆ ಕೇಳಿಸಿದರೆ ಪಾಠ ನಡೆದಿದೆ. ಕೇಳಿಸದಿದ್ದರೆ ಮಾಸ್ತರರು ನಿದ್ದೆ ಹೊಡೆಯುತ್ತಿದ್ದಾರೆ! ಶಾಲಾ ಕಮಿಟಿಯ ಚನ್ನಯ್ಯನವರು ದಿನಾ ಅಲ್ಲಿ ಕೂತು, ಸುತ್ತಿಗೆಯ ಸದ್ದಿನ ನಡುವೆ ಕಿವಿಗೊಡುತ್ತಿದ್ದರು. ನಾಲ್ಕು ವರ್ಷ ಮಾಸ್ತರರು ಮಕ್ಕಳಿಗಲ್ಲ, ಆ ಕಮ್ಮಾರಸಾಲೆಗೇ ಪಾಠ ಹೇಳಿದರು.

೧೯೬೧ರ ಚಳಿಯಲ್ಲಿ ಮಾಸ್ತರರ ಗಂಟಲು ಕಟ್ಟಿತು. ಮೆಣಸಿನ ಕಷಾಯ, ಜ್ಯೇಷ್ಠಮಧು ಯಾವುದೂ ನಾಟಲಿಲ್ಲ. ಶಿರಸಿಯ ಡಾಕ್ಟರು ಗಂಟಲು ನೋಡಿ, ಹದಿನೈದು ದಿನ ಒಂದಕ್ಷರ ಆಡಕೂಡದು, ಆಡಿದರೆ ಇದ್ದ ದನಿಯೂ ಹೋದೀತು ಎಂದು ಚೀಟಿ ಬರೆದುಕೊಟ್ಟರು. ರಜೆ ಹಾಕಿದರೆ ಶಾಲೆಗೆ ಬೀಗ. ಮಾಸ್ತರರು ಬಾಯಿ ಮುಚ್ಚಿಕೊಂಡೇ ಬಂದು, ಹಲಗೆಯ ಮೇಲೆ ಬರೆದು, ಒಬ್ಬೊಬ್ಬರ ಪಾಟಿಯ ಮೇಲೆ ಬಗ್ಗಿ ಕಲಿಸಿದರು.

ಎಂಟನೆಯ ದಿನ ಚನ್ನಯ್ಯನವರು ಒಳಗೆ ನುಗ್ಗಿದರು.

"ಏನ್ರೀ ಮಾಸ್ತರ್ರ, ಸಾಲಿ ಸುಡುಗಾಡ ಆಗೇತಲ್ಲ? ಮೌನ ಹಿಡಿಯೂದಿದ್ರ ಮಠಕ್ಕ ಹೋಗ್ರಿ!"

ಮಾಸ್ತರರು ಚೀಟಿ ಚಾಚಿದರು.

"ಚೀಟಿ ಯಾರ ಬೇಕಾದ್ರೂ ಬರೀತಾರ. ಹದಿಮೂರರ ಮಗ್ಗಿ ಹೇಳ್ರಿ, ಕೇಳೂಣು. ಇಲ್ಲಾಂದ್ರ ಇವತ್ತ ಯಲ್ಲಾಪುರಕ್ಕ ಅರ್ಜಿ ಹೊಕ್ಕೇತಿ."

ತಾಲೂಕಿನ ಶಿಕ್ಷಣ ಕಚೇರಿಗೆ ಅರ್ಜಿ ಹೋದರೆ ಬೇರೆ ಊರಿಗೆ ವರ್ಗ. ವರ್ಗವಾದರೆ ಈ ಊರಿಗೆ ಇನ್ನೊಬ್ಬರು ಬರುವವರೆಗೆ ಮಕ್ಕಳು ದನದ ಹಿಂದೆ. ಮಾಸ್ತರರು ಅರವತ್ತೆಂಟು ಮುಖಗಳನ್ನು ಒಮ್ಮೆ ನೋಡಿ ಬಾಯಿ ತೆರೆದರು. ಹದಿಮೂರೇಳಕ್ಕೆ ದನಿ ಕಡಿಯಿತು. ತುಟಿ ಅಲ್ಲಾಡುತ್ತಿತ್ತು, ಬರೀ ಉಸಿರು ಬರುತ್ತಿತ್ತು. ಮಾಸ್ತರರು ತಮಾಷೆ ಮಾಡುತ್ತಿದ್ದಾರೆಂದು ತಿಳಿದು ಮಕ್ಕಳಾದ ನಾವೆಲ್ಲ ನಕ್ಕೆವು. ನಕ್ಕೆವು! ಚನ್ನಯ್ಯನವರು, "ಹಾಂ, ನಾಳಿಂದ ಹಿಂಗ ನಡೀಲಿ" ಎಂದು, ಶಾಲೆಯಲ್ಲಿ ಸದ್ದೆದ್ದಿತೆಂಬ ಸಮಾಧಾನದಿಂದ ಹೊರಟುಹೋದರು.

ಆ ದನಿ ಮತ್ತೆ ಬರಲಿಲ್ಲ.

ಅರ್ಜಿಯೇನೋ ಹೋಗಲಿಲ್ಲ; ಅನಂತರದ ಏಳು ವರ್ಷ ಮಾಸ್ತರರು ಪಿಸುಮಾತಿನಲ್ಲೇ, ಯಾರ ಮೇಲೂ ದೂರು ಹೇಳದೆ ಶಾಲೆ ನಡೆಸಿದರು. ಗದ್ದಲಕ್ಕೆ ಹೆದರಿ ಶಾಲೆ ಬಿಟ್ಟಿದ್ದ ನಮ್ಮ ಕೇರಿಯ ಹುಡುಗಿ ಸುಬ್ಬಿ ತಾನಾಗಿ ಮರಳಿ ಬಂದು ಕಲಿತಳು. ಇಂದು ಕೇರಿಗೆ ಬಂದ ಕಾಗದವನ್ನೆಲ್ಲ ಓದಿ ಹೇಳುವವಳು ಅವಳೇ.

ಈಗ ನಿವೃತ್ತಿಯ ಸಮಾರಂಭ. ಆಮಂತ್ರಣ ಪತ್ರಿಕೆಯಲ್ಲಿ ಹೀಗೆ ಅಚ್ಚಾಗಿದೆ: 'ಸನ್ಮಾನಿತರಿಂದ ಅರ್ಧ ಗಂಟೆ ಭಾಷಣ'! "ಹುಬ್ಬಳ್ಳಿ ಮೈಕ್ ತರಸೇವ್ರಿ, ಕಡೀಕ ಒಮ್ಮೆ ಗಟ್ಟಿಯಾಗಿ ಹೇಳ್ರಿ" ಎಂದು ಚನ್ನಯ್ಯನವರು ಕೇಳಿದರಂತೆ. ಮಾಸ್ತರರು ಹೂಂ ಎಂದು ತಲೆಯಾಡಿಸಿದರಂತೆ! ಗಂಟಲಿಗೆ ಮತ್ತೆ ಶ್ರಮ ಕೊಟ್ಟರೆ ಪಿಸುಮಾತೂ ಉಳಿಯದೆಂದು ಡಾಕ್ಟರು ಹೋದ ತಿಂಗಳಷ್ಟೇ ಹೇಳಿದ್ದಾರೆ. ಊರಿಗೆ 'ಇಲ್ಲ' ಅನ್ನಲು ಈ ಮನುಷ್ಯನಿಗೆ ಬರುವುದಿಲ್ಲ.

ಆದ್ದರಿಂದ, ಸಮಾರಂಭ ನಡೆಸುವವರೇ, ಪತ್ರಿಕೆಯ ಆ ಭಾಷಣದ ಸಾಲನ್ನು ಹೊಡೆದುಹಾಕಿರಿ. ಆ ಅರ್ಧ ಗಂಟೆ ಚನ್ನಯ್ಯನವರೇ ಮೈಕಿನ ಮುಂದೆ ನಿಂತು ತಪ್ಪೊಪ್ಪಿಕೊಳ್ಳಲಿ. ಅಂದು ನಕ್ಕ ನಾವೂ ಅವರ ಪಕ್ಕದಲ್ಲಿ ನಿಲ್ಲುತ್ತೇವೆ. ಮಾಸ್ತರರು ನೂರ್ಕಾಲ ಬಾಳಲಿ, ತಮ್ಮ ಜಗಲಿಯಲ್ಲಿ ಮಕ್ಕಳಿಗೆ ಓದು ಕಲಿಸುತ್ತಲೇ ಇರಲಿ. ಅವರ ಮಾತು ಬೇಕಾದವರು ಹತ್ತಿರ ಹೋಗಿ ಕೂರಲಿ.