ಅಮಾವಾಸ್ಯೆ ಹುಣ್ಣಿಮೆಗೆ ಮಾತ್ರ ಬರುತ್ತಿದ್ದ ಸಮುದ್ರ

ಆಗ ನನಗೆ ನಲವತ್ತೆರಡು ವರ್ಷ. ಇದು ಮೂವತ್ತಮೂರು ವರ್ಷದ ಹಿಂದಿನ ಮಾತು. ಭಾಂಡುಪ್‌ನ ಒಂದು ಕಾಲನಿಯಲ್ಲಿ ಎರಡನೇ ಮಾಳಿಗೆಯ ಮೇಲೆ ನಮ್ಮ ಮನೆ. ಒಂದು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಗಿಸಲು ಗ್ಯಾಲರಿ. ಇರುವವರು ಮೂರೇ ಜನ: ನಾನು, ನಮ್ಮ ಯಜಮಾನರು, ಅವರ ತಾಯಿ. ಮಗಳನ್ನು ಹುಬ್ಬಳ್ಳಿಗೆ ಕೊಟ್ಟಾಗಿತ್ತು. ನಾವು ಧಾರವಾಡದ ಕಡೆಯವರು. ನಾನು ಕಲಿತದ್ದು ಮೂರನೇ ಇಯತ್ತೆ. ಇದರಲ್ಲಿ ಬರುವ ವಿಜ್ಞಾನದ ಮಾತೆಲ್ಲ ಯಜಮಾನರ ಬಾಯಿಂದ ಕೇಳಿದ್ದು. ತಪ್ಪಿದ್ದರೆ ಅದು ಅವರದು.

ಅವರಿಗೆ ವಿಕ್ರೋಳಿಯ ಒಂದು ಕಂಪನಿಯಲ್ಲಿ ನಕ್ಷೆ ಬರೆಯುವ ಕೆಲಸ. ಒಳ್ಳೆಯ ಮನುಷ್ಯ, ಆದರೆ ಮಾತಿಲ್ಲ. ಊಟಕ್ಕೆ ಬಡಿಸಿದರೆ ‘ಸಾಕು’, ಹೊರಡುವಾಗ ‘ಬರ್ತೀನಿ’. ಮದುವೆಯಾಗಿ ಇಪ್ಪತ್ತು ವರ್ಷ ನಾನು ಗೋಡೆಯ ಜೊತೆ ಸಂಸಾರ ಮಾಡಿದ ಹಾಗಿತ್ತು. ಗೋಡೆ ಬೈಯುವುದಿಲ್ಲ ಎಂಬುದೊಂದೇ ಸಮಾಧಾನ.

ಆಮೇಲೆ ಮನೆಗೆ ಗಾಜಿನ ಪೆಟ್ಟಿಗೆ ಬಂತು. ಕಬ್ಬಿಣದ ಸ್ಟ್ಯಾಂಡು, ಮೇಲೆ ಎರಡು ಟ್ಯೂಬ್‌ಲೈಟು, ಒಳಗೆ ಉಪ್ಪುನೀರು. ಬರೀ ಮೀನಿನ ತೊಟ್ಟಿಯಲ್ಲ ಅದು. ಕಲ್ಲಿನ ಮೇಲೆ ಅಂಗಿಯ ಗುಂಡಿಯಂಥ ಸಣ್ಣ ಸಣ್ಣ ಹವಳ, ನಡುವೆ ಒಂದು ಹೂವು. ನೋಡಲು ಹೂವು, ನಿಜದಲ್ಲಿ ಪ್ರಾಣಿ. ಅದರ ಎಸಳಿನಲ್ಲಿ ಹೊರಳಾಡುವ ಎರಡು ಮೀನು, ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆ. ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂತರೆ ಯಜಮಾನರ ಬಾಯಿ ತೆರೆಯುತ್ತಿತ್ತು. ನಾನು ಪಕ್ಕದಲ್ಲಿ ಅಕ್ಕಿ ಆರಿಸುತ್ತ ಕೂತಿರುತ್ತಿದ್ದೆ. ಬೇರೆ ಯಾರೂ ಕೇಳುವವರಿಲ್ಲ ಎಂದು ನನಗೇ ಹೇಳುತ್ತಿದ್ದರು. ಮೀನಿನ ಮಾತಿನಿಂದ ಆಫೀಸಿನ ಮಾತಿಗೆ, ಅಲ್ಲಿಂದ ತಮ್ಮ ಸಣ್ಣಂದಿನ ಮಾತಿಗೆ ಹೋಗುತ್ತಿದ್ದರು. ನನಗೆ ಮೀನಿನ ಹುಚ್ಚೇನೂ ಇರಲಿಲ್ಲ. ಆದರೆ ಆ ಪೆಟ್ಟಿಗೆ ಮನೆಯಿಂದ ಹೋದರೆ ಈ ಮಾತೂ ಹೋಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಅತ್ತೆಯವರಿಗೆ ಮೊದಲಿನಿಂದ ಅದು ಆಗುತ್ತಿರಲಿಲ್ಲ. ಮೀನು ಇರುವುದಕ್ಕಲ್ಲ, ಸಮುದ್ರದ ನೀರು ಮನೆಯಲ್ಲಿ ಇರುವುದಕ್ಕೆ. ಪರ್ವಕಾಲ ಬಿಟ್ಟು ಸಮುದ್ರವನ್ನು ಮುಟ್ಟಬಾರದು ಎಂದು ಅವರ ಶಾಸ್ತ್ರ.

“ತರೋದಿದ್ರ ಅಮಾಸಿಗೆ ತಾ, ಹುಣ್ಣಿವಿಗೆ ತಾ. ನಡುವ ತಂದ್ರ ನಾ ಉಣ್ಣಂಗಿಲ್ಲ” ಎಂದುಬಿಟ್ಟರು.

ಯಜಮಾನರು ತಾಯಿಗೆ ಎದುರಾಡಿದವರಲ್ಲ. ಹದಿನೈದು ದಿನಕ್ಕೊಮ್ಮೆ ಬೆಳಗಿನ ಲೋಕಲ್ ಹಿಡಿದು ಊರಿನ ತುದಿಗೆ ಹೋಗಿ, ಕಲ್ಲುಬಂಡೆಯ ಕಡೆ ಭರತದ ಹೊತ್ತಿಗೆ ಎರಡು ಕ್ಯಾನು ನೀರು ತುಂಬಿ ತರುತ್ತಿದ್ದರು. ಅಷ್ಟು ತೆಗೆದು ಅಷ್ಟು ಹೊಸದು ಹಾಕಿದರೆ ಪೆಟ್ಟಿಗೆ ಹೇಗೋ ನಡೆಯುತ್ತಿತ್ತು. ತೊಂದರೆ ಮಳೆಗಾಲದ್ದು. ಮಿರಗದ ಮಳೆ ಹೂಡಿತೆಂದರೆ ಸಮುದ್ರ ಕೆಸರಾಗುತ್ತದೆ, ಉಪ್ಪು ತೆಳುವಾಗುತ್ತದೆ. ನೂಲ ಹುಣ್ಣಿಮೆ ಬಂದು ಅಲ್ಲಿಯ ಮೀನುಗಾರರು, ಕೋಳಿಯರು, ಸಮುದ್ರಕ್ಕೆ ತೆಂಗಿನಕಾಯಿ ಹಾಕುವ ತನಕ ನೀರು ತರುವ ಹಾಗಿಲ್ಲ.

ಹಿಂದಿನ ವರ್ಷದ ಮಳೆಗಾಲದಲ್ಲಿ ಗಾಜಿಗೆ ಹಸಿರು ಕೂದಲಿನಂಥ ಪಾಚಿ ಬೆಳೆಯಿತು. ಆಗ ಇದ್ದ ನಾಲ್ಕು ನೀಲಿ ಮೀನು ಒಂದರ ಹಿಂದೊಂದು ಸತ್ತವು. ಸತ್ತಾಗೊಮ್ಮೆ ಅತ್ತೆಯವರು ತಲೆಗೆ ನೀರು ಹಾಕಿಕೊಂಡು ಉಪವಾಸ. ನಾಲ್ಕನೆಯದಕ್ಕೆ ಮಗನನ್ನು ಕರೆದು ಹೇಳಿದರು.

“ಮನ್ಯಾಗ ಜೀವ ಹೋಗೋದು ನಾ ಇನ್ನ ನೋಡಂಗಿಲ್ಲ. ಬರೋ ಮಳಿಗಾಲದಾಗ ಒಂದು ಸತ್ತರೂ ಪೆಟ್ಟಿಗಿ ಹೊರಗ.”

ಅತ್ತೆಯವರು ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಂಡದ್ದು ನಾನು ಕಂಡಿರಲಿಲ್ಲ.

ಯಜಮಾನರ ಕಂಪನಿಯಲ್ಲಿ ನೀರು ಪರೀಕ್ಷೆ ಮಾಡುವ ಲ್ಯಾಬಿನವರೊಬ್ಬರು ಸ್ನೇಹಿತರಿದ್ದರು. ಅವರು ದಾರಿ ಹೇಳಿಕೊಟ್ಟರು. ಅದನ್ನು ಯಜಮಾನರು ನನಗೆ ಹೇಳಿದ ರೀತಿ ಹೀಗೆ: ಮೀನಿನ ಹೊಲಸು ಮೊದಲು ದೊಡ್ಡ ವಿಷ ಆಗುತ್ತದೆ. ಕಣ್ಣಿಗೆ ಕಾಣದ ಹುಳಗಳು ಅದನ್ನು ತಿಂದು ಸಣ್ಣ ವಿಷ ಮಾಡುತ್ತವೆ. ಕೊನೆಗೆ ಉಳಿಯುವುದು ನೈಟ್ರೇಟು. ಅದು ಮೀನನ್ನು ಒಮ್ಮೆಲೇ ಕೊಲ್ಲುವುದಿಲ್ಲ, ಆದರೆ ಹವಳವನ್ನು ಸೊರಗಿಸುತ್ತದೆ, ಹಸಿರು ಕೂದಲನ್ನು ಬೆಳೆಸುತ್ತದೆ. ನೀರು ಬದಲಿಸದೆ ಅದು ಹೋಗುವುದಿಲ್ಲ. ಆದರೆ ತುಂಬ ಸಣ್ಣ ತೂತುಗಳಿರುವ ಕಲ್ಲು ಸಿಕ್ಕರೆ, ಅದರ ಮೈಮೇಲೆ ಒಂದು ಜಾತಿಯ ಹುಳ, ಹೊಟ್ಟೆಯೊಳಗೆ ಇನ್ನೊಂದು ಜಾತಿಯ ಹುಳ. ಒಳಗಿನವು ನೈಟ್ರೇಟನ್ನೂ ತಿಂದು ಗಾಳಿ ಮಾಡಿ ಬಿಡುತ್ತವೆ.

“ಒಳಗ ಇರೋವಕ್ಕ ಗಾಳಿ ಹತ್ತಬಾರದು. ಗಾಳಿ ಇಲ್ಲದ ಕಡೆನ ಅವು ಬದುಕೋದು” ಎಂದರು.

“ಹಂಗಾರ ನಮ್ಮ ಅಡಿಗಿಮನಿಯೊಳಗ ಇಡ್ರಿ. ಗಾಳಿ ಇಲ್ಲದ ಕಡೆ ನಾನೂ ಇಷ್ಟು ವರ್ಷ ಬದುಕೀನಿ” ಎಂದೆ.

ಅವರು ನಕ್ಕರು. ನಕ್ಕದ್ದು ನೆನಪಿದೆ, ಯಾಕೆಂದರೆ ಹಲ್ಲು ಕಾಣುವ ಹಾಗೆ ನಗುವವರಲ್ಲ ಅವರು.

ಅಂಥ ಕಲ್ಲು ಎಲ್ಲಿ ತರುವುದು? ವಿದೇಶದಲ್ಲಿ ಮಾಡಿ ಮಾರುತ್ತಾರಂತೆ, ನಮಗೆ ಸಿಗುವ ಮಾತಲ್ಲ. ಒಂದು ದಿನ ನಾನು ಕುಡಿಯುವ ನೀರಿನ ಫಿಲ್ಟರಿನ ಕ್ಯಾಂಡಲ್ ತೊಳೆಯುತ್ತಿದ್ದೆ. ಆಗ ಎಲ್ಲರ ಮನೆಯಲ್ಲಿಯೂ ಸ್ಟೀಲಿನ ಫಿಲ್ಟರು, ಅದರೊಳಗೆ ಬಿಳಿ ಮಣ್ಣಿನ ಕ್ಯಾಂಡಲ್, ವಾರಕ್ಕೊಮ್ಮೆ ಉಜ್ಜಿ ಕುದಿಸಿ ಇಡುವುದು. ಯಜಮಾನರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಮುಂದಿನ ಭಾನುವಾರ ಬೈಕುಲ್ಲಾದಿಂದ ಒಂದು ಗೋಣಿಚೀಲ ತಂದರು. ಒಡೆದು ಮೂಲೆಗೆ ಬಿದ್ದ ಕ್ಯಾಂಡಲ್‌ಗಳು. ಟೆರೇಸಿನ ಮೇಲೆ ಕೂತು ಸುತ್ತಿಗೆಯಿಂದ ಅಡಿಕೆಯ ಗಾತ್ರಕ್ಕೆ ಒಡೆದು, ಒಂದು ಬಕೆಟ್ಟಿಗೆ ತುಂಬಿ ಸ್ಟ್ಯಾಂಡಿನ ಕೆಳಗೆ ಇಟ್ಟರು. ಪೆಟ್ಟಿಗೆಯ ನೀರು ಅದರೊಳಗೆ ನಿಧಾನವಾಗಿ ಇಳಿದು, ಸಣ್ಣ ಪಂಪಿನಿಂದ ಮತ್ತೆ ಮೇಲೆ ಹೋಗುವುದು.

“ಇನ್ನ ಇದಕ್ಕ ಕೈ ಹಚ್ಚೋ ಹಂಗಿಲ್ಲ. ಹುಳ ಕೂಡಲಿಕ್ಕೆ ತಿಂಗಳಾನುಗಟ್ಟಲೆ ಬೇಕು” ಎಂದರು.

ಅದು ಯುಗಾದಿಯ ಹೊತ್ತು. ವಾರಕ್ಕೊಮ್ಮೆ ಸಣ್ಣ ಶೀಶೆಯಲ್ಲಿ ನೀರು ತುಂಬಿಕೊಂಡು ಲ್ಯಾಬಿಗೆ ಹೋಗುವರು. ಔಷಧ ಹಾಕಿದರೆ ನೀರು ಗುಲಾಬಿ ಆಗುತ್ತದಂತೆ. ಎಷ್ಟು ಕಡುವೋ ಅಷ್ಟು ನೈಟ್ರೇಟು. ಮೊದಮೊದಲು ಬಂದು ಸುಮ್ಮನೆ ಚಪ್ಪಲಿ ಬಿಡುತ್ತಿದ್ದರು. ಬೇಸಿಗೆ ಕಳೆಯುವ ಹೊತ್ತಿಗೆ ಬಾಗಿಲಿನಲ್ಲೇ ಹೇಳತೊಡಗಿದರು: “ತೆಳು ಆಗೇದ.” ಮಳೆ ಹಿಡಿಯಿತು. ಸಮುದ್ರದ ನೀರು ನಿಂತಿತು. ಗಾಜು ಮಾತ್ರ ಸ್ವಚ್ಛವಾಗಿಯೇ ಇತ್ತು, ಹೂವು ಅಂಗೈಯಷ್ಟು ಅರಳಿತ್ತು.

ಅತ್ತೆಯವರ ಕುರ್ಚಿ ಯಾವಾಗ ಪೆಟ್ಟಿಗೆಯ ಮುಂದೆ ಬಂತೋ ನಾನು ನೋಡಲಿಲ್ಲ. ಮೊಣಕಾಲು ನೋವು, ಕಿಟಕಿಯ ಹತ್ತಿರ ತಂಪು ಎಂದು ನೆಪ. ಜಪಮಾಲೆ ಕೈಯಲ್ಲಿ, ಕಣ್ಣು ಮೀನಿನ ಮೇಲೆ. ಎರಡರಲ್ಲಿ ದೊಡ್ಡದು ಹೆಣ್ಣು, ಸಣ್ಣದು ಗಂಡು ಎಂದು ಮಗ ಹೇಳಿದ್ದೇ ತಡ, ಅವರಿಗೆ ವಿಷಯ ಸಿಕ್ಕಿತು.

“ಹೆಂಡ್ತಿ ಹೂವಿನಾಗ ಮಕ್ಕೊಂಡಾಳ. ಗಂಡ ಸುತ್ತ ತಿರಗ್ತಾನ. ನಮ್ಮ ಮನಿಯಂಗ ಅದ ನೋಡು.”

“ನಿಮ್ಮ ಮಗಾ ಎಲ್ಲಿ ತಿರಗ್ತಾರ, ಅತ್ಯಾ? ಸ್ಟೂಲು ಬಿಟ್ಟು ಏಳಂಗಿಲ್ಲ.”

“ಅದಕ್ಕ ನೀ ದಪ್ಪ ಆಗೀದಿ” ಎಂದರು. ಎರಡಕ್ಕೂ ಸಂಬಂಧ ಏನೆಂದು ನಾನು ಕೇಳಲಿಲ್ಲ. ಅವರು ಸಂತೋಷದಲ್ಲಿದ್ದಾಗ ಹೀಗೆಯೇ ಬೈಯುತ್ತಿದ್ದರು.

ಆಷಾಢ ಏಕಾದಶಿಗೆ ಮೂರು ದಿನ ಇತ್ತು. ಅಂದಿನಿಂದ ಅವರ ಚಾತುರ್ಮಾಸದ ವ್ರತ. ಅದಕ್ಕೆ ಮುಂಚೆ ಮನೆ ತೊಳೆಯುವುದು, ಪಾತ್ರೆ ಬೆಳಗುವುದು ನಮ್ಮ ಪದ್ಧತಿ. ನಾನು ಸ್ಟೇಶನ್ನಿನ ಹತ್ತಿರದ ಬಜಾರಿಗೆ ಹೋಗಿ ಶೇಂಗಾ, ಸಾಬೂದಾಣಿ ತಂದೆ. ಬಂದು ನೋಡಿದರೆ ಗ್ಯಾಲರಿಯಲ್ಲಿ ಹಳೆಯ ಪಂಚೆ ಹಾಸಿದೆ, ಅದರ ಮೇಲೆ ಕ್ಯಾಂಡಲಿನ ಚೂರುಗಳು, ಚುರುಮುರಿಯ ಹಾಗೆ ಬೆಳ್ಳಗೆ. ಒಲೆಯ ಮೇಲೆ ದೊಡ್ಡ ಪಾತೇಲಿ ಇನ್ನೂ ಹಬೆಯಾಡುತ್ತಿತ್ತು. ಅತ್ತೆಯವರು ನಾರು ಹಿಡಿದು ಕೂತು ಕೊನೆಯ ಚೂರು ಉಜ್ಜುತ್ತಿದ್ದರು. ಮೊಣಕಾಲು ಮಡಚಲು ಬಾರದವರು ನೆಲದ ಮೇಲೆ ಕೂತಿದ್ದರು.

“ಎಷ್ಟು ಲೋಳಿ ಬಂತು ಗೊತ್ತೇನು? ನಿನ್ನ ಕ್ಯಾಂಡಲ್ ವಾರಕ್ಕೊಮ್ಮೆ ತೊಳಕೋತಿ. ಪಾಪ, ಬಾಯಿ ಇಲ್ಲದ ಜೀವಕ್ಕ ಮೂರು ತಿಂಗಳ ಹೊಲಸು ನೀರು ಕುಡಿಸೀರಿ.”

ನಾನು ಚೀಲ ಕೆಳಗಿಟ್ಟೆ. “ಅತ್ಯಾ, ಅದು ಹೊಲಸಲ್ಲ. ಅದನ್ನ ಬೆಳಸಲಿಕ್ಕೇ ಅವರು ಮೂರು ತಿಂಗಳ ಕಾದಾರ. ಆ ಹುಳಾನೇ ನೀರು ಸ್ವಚ್ಛ ಮಾಡ್ತಿದ್ದವು.”

“ಹುಳಾ ಸಾಕ್ಯಾನ?”

“ಹೌದು. ನೀವು ಕುದಿಸೀರಿ.”

ಮೆತ್ತಗೆ ಹೇಳುವುದು ನನಗೆ ಬರುವುದಿಲ್ಲ. ಅವರು ನಾರು ಕೆಳಗಿಟ್ಟು ಕೈ ನೋಡಿಕೊಂಡರು. ಮೇಲೇಳಲು ಕೈ ಕೊಟ್ಟೆ, ಹಿಡಿಯಲಿಲ್ಲ.

ಸಂಜೆ ಯಜಮಾನರು ಬಂದು ಎಲ್ಲ ನೋಡಿದರು. ಚೂರುಗಳನ್ನು ಮತ್ತೆ ಬಕೆಟ್ಟಿಗೆ ತುಂಬಿದರು. ಆಮೇಲೆ ನನಗೊಬ್ಬಳಿಗೆ ಅಡುಗೆಮನೆಯಲ್ಲಿ ಹೇಳಿದರು: ಮೇಲಿನ ಹುಳವೂ ಹೋದವು, ಒಳಗಿನವೂ ಹೋದವು. ಇನ್ನು ದೊಡ್ಡ ವಿಷವೇ ಏರುತ್ತದೆ. ಮೀನಿಗೆ ಊಟ ನಿಲ್ಲಿಸಿ ನೋಡೋಣ.

ಮರುದಿನ ನೀರು ಮಸುಕಾಯಿತು. ಅದರ ಮರುದಿನ ಹೂವು ಮುದುಡಿ ಲಿಂಬೆಕಾಯಿಯಷ್ಟಾಯಿತು. ಏಕಾದಶಿಯ ಮಧ್ಯಾಹ್ನ ಸಣ್ಣ ಮೀನು, ಅಂದರೆ ಗಂಡು, ತಳದಲ್ಲಿ ಮಗ್ಗುಲಾಗಿ ಬಿದ್ದು ಸತ್ತಿತು. ಅತ್ತೆಯವರು ಕುರ್ಚಿಯಲ್ಲೇ ಇದ್ದರು, ಕೊನೆಯ ಉಸಿರಿನ ತನಕ ನೋಡಿದರು.

“ಏಕಾದಶಿಗೆ ಹೋತು. ಪುಣ್ಯವಂತ” ಎಂದರು. ದನಿ ಬೇರೆಯಾಗಿತ್ತು.

ಯಜಮಾನರು ಕೆಲಸದಿಂದ ಬಂದು, ಸತ್ತದ್ದನ್ನು ತೆಗೆದು ಗ್ಯಾಲರಿಯ ತುಳಸಿ ಬಿಟ್ಟು ಬೇರೆ ಕುಂಡದಲ್ಲಿ ಹೂತರು. ಕೈ ತೊಳೆದು ಬಂದು ಟ್ಯೂಬ್‌ಲೈಟು ಆರಿಸಿ, ರಬ್ಬರ್ ಪೈಪು ಪೆಟ್ಟಿಗೆಯೊಳಗೆ ಇಳಿಬಿಟ್ಟು, ಇನ್ನೊಂದು ತುದಿ ಮೋರಿಯ ಕಡೆ ಎಳೆದರು. ನೀರು ಸುರಿಯತೊಡಗಿತು.

“ಏನ್ ಮಾಡ್ಲಿಕತ್ತೀ?” ಎಂದು ಅತ್ತೆಯವರು ಕೇಳಿದರು.

“ನೀನ ಹೇಳಿದ್ದಿ ಅಲ್ಲ, ಅವ್ವಾ. ಒಂದು ಸತ್ತರೂ ಹೊರಗ ಅಂತ.”

“ಸತ್ತರ ಅಂದಿದ್ದೆ. ಇದು ತಾನಾಗೇ ಸತ್ತಿಲ್ಲ, ನಾ ಕೊಂದೀನಿ. ನಾ ಮಾಡಿದ್ದಕ್ಕ ಉಳಿದದ್ದನ್ನ ಯಾಕ ಹೊರಗ ಹಾಕ್ತಿ? ಹಾಕೋದಿದ್ರ ನನ್ನ ಹಾಕು.”

ಮಗ ಪೈಪು ಹಿಡಿದುಕೊಂಡು ನಿಂತೇ ಇದ್ದರು. ನೀರು ಹೋಗುತ್ತಲೇ ಇತ್ತು. ಇಬ್ಬರೂ ಹೀಗೆ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರೆ ಪೆಟ್ಟಿಗೆ ಖಾಲಿಯಾಗುತ್ತದೆ ಎಂದು ನನಗೆ ಅನ್ನಿಸಿತು.

“ಯಾರನ್ನೂ ಹೊರಗ ಹಾಕೋದು ಬ್ಯಾಡ. ಮೊದಲ ಆ ಪೈಪು ಮ್ಯಾಲೆತ್ರಿ” ಎಂದೆ.

ಎತ್ತಿದರು. ಅರ್ಧಕ್ಕಿಂತ ಸ್ವಲ್ಪ ಮೇಲೆ ನೀರು ಉಳಿದಿತ್ತು.

ಅತ್ತೆಯವರು ಕೇಳಿದರು, “ಅದಕ್ಕ ಈಗ ಏನ್ ಬೇಕು?”

“ಸಮುದ್ರದ ನೀರು ಬೇಕು. ಹುಣ್ಣಿವಿಗೆ ಇನ್ನೂ ನಾಕು ದಿನ ಅದ” ಎಂದರು ಯಜಮಾನರು.

“ನಾ ಪಂಚಾಂಗ ಕೇಳಿಲ್ಲ. ನಾಳೆ ತಾ.”

ಯಜಮಾನರು ತಾಯಿಯ ಮುಖ ನೋಡಿದರು. ಎರಡು ದಿನದಿಂದ ಮಳೆ ಬಿಡುವು ಕೊಟ್ಟಿತ್ತು. ಭರತದ ಹೊತ್ತಿಗೆ ಬಂಡೆಯ ಕಡೆ ಸ್ವಲ್ಪ ತಿಳಿ ಇರಬಹುದು, ಬಟ್ಟೆಯಲ್ಲಿ ಸೋಸಿ, ಉಪ್ಪು ಅಳೆದು ಕೂಡಿಸಿದರೆ ನಡೆಯಬಹುದು ಎಂದು ಲೆಕ್ಕ ಹಾಕತೊಡಗಿದರು. ಆದರೆ ನಾಲ್ಕು ಕ್ಯಾನು ಬೇಕು, ತಮ್ಮ ಕೈ ಎರಡೇ.

“ಇಕಿಯನ್ನ ಕರಕೊಂಡು ಹೋಗು” ಎಂದರು ಅತ್ತೆಯವರು.

“ನಾಳೆ ದ್ವಾದಶಿ, ಅತ್ಯಾ. ಹೊತ್ತು ಏರೋದರೊಳಗ ನಿಮ್ಮ ಪಾರಣಿ ಆಗಬೇಕು.”

“ನನ್ನ ಅನ್ನ ಬೇಯಿಸಿಕೊಳ್ಳಲಿಕ್ಕೆ ನನಗ ಬರ್ತದ. ನಿನಗ ಕಲಿಸಿದಾಕಿ ನಾನ.” ಆಮೇಲೆ ಮಗನ ಕಡೆ ತಿರುಗಿ, “ಆ ಹುಳದ್ದು ಹೆಂಗ ಅಂತ ನನಗೂ ಹೇಳು. ಇಕಿಗೇ ಹೇಳ್ತಿ, ನನಗ ಹೇಳಿಲ್ಲ.”

ಅದೂ ನಿಜವೇ. ಹೇಳಿದ್ದರೆ ಅವರು ತೊಳೆಯುತ್ತಿರಲಿಲ್ಲ. ಯಜಮಾನರು ಸ್ಟೂಲು ಎಳೆದುಕೊಂಡು ಹೇಳಿದರು. ಅತ್ತೆಯವರು ನಡುನಡುವೆ ಕೇಳಿದರು: ಒಳಗಿನ ಹುಳಕ್ಕೆ ಮಡಿ ಇದೆಯೇನು, ಗಾಳಿ ಸಹ ಮುಟ್ಟಬಾರದು ಅಂದರೆ? ನಮಗಿಂತ ಕರ್ಮಠ ಅಂದ ಹಾಗಾಯಿತು ಎಂದರು. ಏಕಾದಶಿಯ ಉಪವಾಸದಲ್ಲಿ ಮೂವರೂ ನಕ್ಕೆವು, ಹೊಟ್ಟೆಯಲ್ಲಿ ಅನ್ನವಿಲ್ಲದೆ.

ಹೂವು ಬದುಕಿತು, ಹೆಣ್ಣು ಮೀನೂ ಬದುಕಿತು. ನೂಲ ಹುಣ್ಣಿಮೆಯ ತನಕ ಹೇಗೋ ತಳ್ಳಿದೆವು, ದೀಪಾವಳಿಗೆ ಹೂವು ಮೊದಲಿನಷ್ಟು ಅರಳಿತು. ಅತ್ತೆಯವರು ಆಮೇಲೆ ಐದು ವರ್ಷ ಇದ್ದರು. ಆ ಬಕೆಟ್ಟಿನ ಹತ್ತಿರ ಯಾರು ಹೋದರೂ “ಏ, ದೂರ” ಎನ್ನುತ್ತಿದ್ದರು. ಸಮುದ್ರಕ್ಕೆ ತಿಥಿ ನೋಡುವುದು ಬಿಟ್ಟರು, ಉಳಿದ ಯಾವುದಕ್ಕೂ ಬಿಡಲಿಲ್ಲ. ಯಜಮಾನರೂ ಈಗಿಲ್ಲ. ಇದ್ದಷ್ಟು ದಿನ ಮಾತಾಡಿದರು.

ಆ ಏಕಾದಶಿಯ ಮರುದಿನ ಬೆಳಿಗ್ಗೆ ನಾನು ಒಲೆ ಹೊತ್ತಿಸಲಿಲ್ಲ. ಎದ್ದು ಸ್ನಾನ ಮಾಡಿ, ಸೆರಗು ಸಿಕ್ಕಿಸಿ, ಎರಡು ಖಾಲಿ ಕ್ಯಾನು ಹಿಡಿದು ಯಜಮಾನರ ಜೊತೆ ಭಾಂಡುಪ್ ಸ್ಟೇಶನ್ನಿಗೆ ನಡೆದೆ. ದಾರಿಯುದ್ದಕ್ಕೂ ಅವರು, ಕುದಿಸಿದ ಚೂರುಗಳಲ್ಲಿ ಹುಳ ಮತ್ತೆ ಹೇಗೆ ಕೂಡುತ್ತವೆ ಎಂದು ಹೇಳುತ್ತಿದ್ದರು. ಗಾಡಿ ಬಂತು. ಲೇಡೀಸ್ ಡಬ್ಬಿ ನನ್ನ ಎದುರಿಗೇ ನಿಂತಿತ್ತು. ಅವರ ಮಾತು ಇನ್ನೂ ಮುಗಿದಿರಲಿಲ್ಲ ಎಂದು ನಾನು ಅವರ ಹಿಂದೆಯೇ ಗಂಡಸರ ಡಬ್ಬಿ ಹತ್ತಿದೆ.