ಹೆಸರು ಹೇಳದ ಹಳೇ ಕಂಪ್ಯೂಟರ್

ನನಗೆ ತಾಳ್ಮೆ ಕಡಿಮೆ. ಗ್ರಾಹಕರ ಫೋನ್ ಬಂದರೆ ಅವರ ಮಾತು ಮುಗಿಯುವ ಮೊದಲೇ ತಪ್ಪು ಅವರದೇ ಎಂದು ತೀರ್ಮಾನಿಸಿಬಿಡುತ್ತಿದ್ದೆ. ಕೆಲವು ವರ್ಷಗಳ ಹಿಂದೆ ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ವೆಬ್‌ಸೈಟ್ ಮಾಡಿಕೊಡುವ ಅಂಗಡಿ ಇಟ್ಟಿದ್ದೆ. ಆರು ಸೈಟುಗಳನ್ನು ಒಂದೇ ಸರ್ವರಿನಲ್ಲಿ, ಒಂದೇ ಇಂಟರ್‌ನೆಟ್ ವಿಳಾಸದಲ್ಲಿ ಕೂಡಿಸಿದ್ದೆ. ಅದರಲ್ಲೊಂದು ನನ್ನ ಅಂಗಡಿಯದೇ, ಇನ್ನೊಂದು ನರ್ಸಿಂಗ್ ಶಾಲೆಯದು.

ಆ ಶಾಲೆಗೆ ಅರ್ಜಿ ಹಾಕಲು ಕೊನೆಯ ದಿನ, ಬೆಳಿಗ್ಗೆಯೇ ಹತ್ತಿರದ ಕಮಲಾಪುರದಿಂದ ಒಬ್ಬ ಹೆಣ್ಣುಮಗಳು ಶಾಲೆಯವರಿಂದ ನನ್ನ ನಂಬರ್ ಪಡೆದು ಫೋನ್ ಮಾಡಿದರು. ಅವರದು ಸಣ್ಣ ಜೆರಾಕ್ಸ್ ಅಂಗಡಿ. ಮಗಳ ಅರ್ಜಿ ಸಂಜೆ ಐದರೊಳಗೆ ಹೋಗಬೇಕಿತ್ತು.

“ಸೈಟ್ ತೆಗದ್ರ ಇದು ಬ್ಯಾರೆಯವರ ಸರ್ಟಿಫಿಕೇಟ್ ಅಂತ ಬರಾಕತ್ತದ್ರೀ.” ಸೈಟು ತಾನು ಯಾರೆಂದು ತೋರಿಸುವ ಗುರುತಿನ ಚೀಟಿಯ ಮಾತದು.

“ಏನೂ ಆಗಂಗಿಲ್ಲ. ಮುಂದ ಹೋಗು ಅಂತ ಒತ್ತಿಬಿಡ್ರಿ.”

“ಹೆಂಗ ಒತ್ತಲ್ರೀ? ಮಗಳ ಮಾರ್ಕ್ಸ್ ಕಾರ್ಡು, ಆಧಾರು ಎಲ್ಲಾ ಹಾಕಬೇಕು. ಯಾರ ಮನ್ಯಾಗ ಒಯ್ದು ಇಡ್ಲಿ?”

ನಿಮ್ಮ ಕಂಪ್ಯೂಟರ್ ಗುಜರಿಗೆ ಹಾಕ್ರಿ ಎಂದು ರೇಗಿ ಫೋನಿಟ್ಟೆ. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ, ನನ್ನದೂ ಅದೇ ಕಥೆ. ನನ್ನ ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ಸೈಟು ಚೆನ್ನಾಗಿಯೇ ತೆರೆಯುತ್ತಿತ್ತು. ಆದರೂ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಕೊನೆಗೆ ಲ್ಯಾಪ್‌ಟಾಪ್ ಹಿಡಿದು ಬಸ್ ಹತ್ತಿದೆ. ಬಸ್ಸು ಕೈ ತೋರಿಸಿದಲ್ಲೆಲ್ಲ ನಿಂತಿತು. ನಾನು ಗಡಿಯಾರ ನೋಡಿ ಹಲ್ಲು ಕಡಿಯುತ್ತಲೇ ಇದ್ದೆ.

ಅಂಗಡಿ ಹುಡುಕಿ ಹೋದಾಗ ನಾಲ್ಕಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವರು ನೀರಿನ ತಂಬಿಗೆ ಮುಂದಿಟ್ಟರು. “ಮದಲ್ ನೀರು ಕುಡೀರಿ. ಯಾರು, ಏನು ಅಂತ ಆಮ್ಯಾಲ ಹೇಳೂವಂತ್ರಿ.” ನಮ್ಮ ಕಡೆ ಪದ್ಧತಿಯೇ ಹಾಗೆ. ಸೈಟು ಮಾಡಿದ್ದು ನಾನೇ ಎಂದಷ್ಟೇ ಹೇಳಿ, ತಂಬಿಗೆ ಪಕ್ಕಕ್ಕೆ ಸರಿಸಿ ಕಂಪ್ಯೂಟರ್ ಮುಂದೆ ಕುಳಿತೆ.

ಸ್ಕ್ಯಾನರ್ ಜೋಡಿಸಿದ್ದ ಆ ಹಳೆಯ ಯಂತ್ರದಲ್ಲಿ ಬ್ರೌಸರೂ ಹಳೆಯದೇ. ಎಚ್ಚರಿಕೆಯ ಪುಟದ ವಿವರ ತೆಗೆದೆ. ‘ಬೇರೆಯವರ’ ಸರ್ಟಿಫಿಕೇಟಿನ ಮೇಲೆ ನನ್ನ ಅಂಗಡಿಯ ಹೆಸರಿತ್ತು.

ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯಲ್ಲಿ ನಾನಿರುವ ಕಟ್ಟಡಕ್ಕೆ ಒಂದೇ ಗೇಟು, ಒಳಗೆ ನಾಲ್ಕು ಸಂಸಾರ. ಬಂದವರು ಇಂಥವರು ಬೇಕು ಎಂದು ಕೂಗಿದರೆ ಅವರೇ ಬರುತ್ತಾರೆ. ಸುಮ್ಮನೆ ಚಿಲಕ ಅಲುಗಾಡಿಸಿದರೆ ಕೆಳಮನೆಯವರು ಬಂದು ನಿಲ್ಲುತ್ತಾರೆ. ಸರ್ವರಿನ ಕಥೆಯೂ ಅದೇ. ಹೊಸ ಬ್ರೌಸರುಗಳು ಬಾಗಿಲು ಬಡಿಯುವಾಗಲೇ ಯಾವ ಸೈಟು ಬೇಕೆಂದು ಹೆಸರು ಹೇಳುತ್ತವೆ. ಹಳೆಯವಕ್ಕೆ ಆ ರೂಢಿಯಿಲ್ಲ. ಅಂಥವಕ್ಕೆ ಸರ್ವರು ಪಟ್ಟಿಯ ಮೊದಲ ಸೈಟಿನ ಸರ್ಟಿಫಿಕೇಟನ್ನು ತೋರಿಸುತ್ತದೆ. ನಾನು ಜಂಬದಿಂದ ನನ್ನ ಅಂಗಡಿಯನ್ನೇ ಪಟ್ಟಿಯ ತಲೆಗೆ ಕೂಡಿಸಿದ್ದೆ.

ಲ್ಯಾಪ್‌ಟಾಪ್ ತೆಗೆದು ಪಟ್ಟಿಯಲ್ಲಿ ಶಾಲೆಯನ್ನು ಮೊದಲಿಗೆ ತಂದೆ. ಉಳಿದ ಸೈಟುಗಳ ಗತಿಯೇನೆಂದು ಆಗ ಯೋಚಿಸಲಿಲ್ಲ. ಐದಕ್ಕೆ ಹತ್ತು ನಿಮಿಷವಿರುವಾಗ ಪುಟ ತೆರೆಯಿತು. ಪಕ್ಕದಲ್ಲೇ ಕಾದು ನಿಂತಿದ್ದ ಮಗಳು ಒಂದೊಂದೇ ಕಾಗದ ಏರಿಸಿದಳು. ಅರ್ಜಿ ಹೋಯಿತು.

ರಸೀದಿ ಪ್ರಿಂಟ್ ಆಗುತ್ತಿದ್ದಾಗ ನಾನು ಹೇಳಿಬಿಟ್ಟೆ: “ಮುಂಜಾನಿಂದ ಬರಾಕತ್ತಿತ್ತಲ್ರೀ, ಆ ಬ್ಯಾರೆ ಹೆಸರು, ಅದು ನಂದೇ.”

ಅವರು ಸಿಟ್ಟಾಗಲಿಲ್ಲ. ಸರಿಸಿಟ್ಟಿದ್ದ ತಂಬಿಗೆಯನ್ನು ಮತ್ತೆ ನನ್ನ ಮುಂದಿಟ್ಟು ಕೇಳಿದರು: “ಹೌದೇನ್ರಿ? ಮತ್ತ ನನ್ನ ಮಗಳ ಸಾಲಿ ಬಾಗಲದಾಗ ನೀವ್ಯಾಕ ನಿಂತಿದ್ರಿ?”

ತಂಬಿಗೆ ಎತ್ತಿ ನೀರು ಕುಡಿದೆ.